ಅಳಿಯದ ವಸ್ತುವೂ ಅಳಿಯುವ ಉದ್ಯೋಗವೂ

ಮನೆವಾರ್ತೆಯ ಮಾತುಗಳನ್ನೂ ಮಕ್ಕಳ ವಿದ್ಯಾಭ್ಯಾಸದ ಮಾತುಗಳನ್ನೂ ಈ ಪುಟದಲ್ಲಿ ತಿಂಗಳು ತಿಂಗಳೂ ಬರೆಯುತ್ತ ಬಂದಿರುವ ನಾನು ಈ ಸಲ ಪ್ಲಾಸ್ಟಿಕ್ ಮತ್ತು ರಬ್ಬರ್ ಕಾರ್ಖಾನೆಗಳ ಉದ್ಯೋಗವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು, "ಸಂಸ್ಕೃತ ಪಾಠ ಹೇಳಿದ ಮೇಷ್ಟರಿಗೆ ಈ ಉಸಾಬರಿ ಏಕೆ?" ಎಂದು ಕೆಲವರಾದರೂ ನಗದಿರಲಾರರು. ಉಸಾಬರಿ ನಾನಾಗಿ ಹುಡುಕಿಕೊಂಡುದಲ್ಲ; ಅದೇ ನಮ್ಮ ಮನೆಯ ಬಾಗಿಲಿಗೆ ಬಂದಿತು.

ಕಳೆದ ತಿಂಗಳು ಒಂದು ಭಾನುವಾರ ಸಾಯಂಕಾಲ ನನ್ನ ಹಳೆಯ ಶಿಷ್ಯನೊಬ್ಬನು ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಸವೇಶ್ವರನಗರದ ನಮ್ಮ ಮನೆಗೆ ಬಂದನು. ಶಬ್ದರೂಪಗಳನ್ನು ಒಪ್ಪಿಸಬೇಕಾದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದ ಆ ಹುಡುಗನಿಗೆ ಈಗ ತಲೆ ನರೆಯತೊಡಗಿದೆ. ಅವನ ಮಗನು ಹದಿನೆಂಟು ತುಂಬಿದವನು. ಈ ವರ್ಷ ಪಿ.ಯು.ಸಿ. ತೇರ್ಗಡೆಯಾಗಿದ್ದಾನೆ. ಕುಂಬಳಗೋಡಿನ ಕಡೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ತಿಂಗಳಿಗೆ 18,000 ರೂಪಾಯಿಗಳ ಕೆಲಸ ಕೊಡಿಸುವುದಾಗಿ ಗುತ್ತಿಗೆದಾರನೊಬ್ಬನು ಹೇಳಿದ್ದಾನೆ. ಹುಡುಗನಿಗಾದರೋ ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು ಸೇರಿ, ಅಚ್ಚು ಮಾಡುವ ವಿದ್ಯೆಯನ್ನು ಕಲಿಯಬೇಕೆಂಬ ಆಸೆ. ಅದಕ್ಕೆ ನಾಲ್ಕು ವರ್ಷ ಬೇಕು.

"ಏನು ಮಾಡೋಣ ಹೇಳಿ, ಮೇಷ್ಟ್ರೇ. ನಿಮ್ಮ ಮಾತಿನಂತೆ ನಡೆದುಕೊಳ್ಳುತ್ತೇನೆ" ಎಂದನು ತಂದೆ.

ಈ ಮಾತನ್ನು ಕೇಳಿ ನನ್ನ ಮನಸ್ಸಿಗೆ ಸಂತೋಷವಾಗಲಿಲ್ಲ. ಏಕೆಂದರೆ ಅವನು ಒಮ್ಮೆ ನನ್ನ ಮಾತಿನಂತೆ ನಡೆದವನೇ. 2009ರಲ್ಲಿ ಅವನು ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು, ಪ್ಲಾಸ್ಟಿಕ್ ಚೀಲಗಳನ್ನು ತಯಾರಿಸುವ ಯಂತ್ರವನ್ನು ಸಾಲಮಾಡಿ ತರಬೇಕೆಂದಿದ್ದಾಗ ನನ್ನ ಅಭಿಪ್ರಾಯವನ್ನು ಕೇಳಿದ್ದನು. "ಅಳಿಯದ ವಸ್ತುವಪ್ಪಾ ಅದು, ಅದರ ಉದ್ಯೋಗವೂ ಅಳಿಯಲಾರದು" ಎಂದು ನಾನು ದೊಡ್ಡದಾಗಿ ಹೇಳಿದೆನು. ಮಾತಿನ ಸೊಗಸಿಗೆ ನಾನೇ ಮೆಚ್ಚಿಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ವಸ್ತುವು ಅಳಿಯಲಿಲ್ಲವೆಂಬುದು ನಿಜ. ಕೆಂಗೇರಿಯ ಮೇಲೆ ಹರಿಯುವ ವೃಷಭಾವತಿಯ ದಡದಲ್ಲಿ ಅದನ್ನು ಇಂದಿಗೂ ಕಾಣಬಹುದು. ಉದ್ಯೋಗವು ಅಳಿಯಿತು. 2016ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಅವನು ಚೀಲದ ಯಂತ್ರವನ್ನು ಸಿಕ್ಕ ಬೆಲೆಗೆ ಮಾರಿ, ಹೊಸ ಸಾಲದಿಂದ ಬೇರೆ ಪದಾರ್ಥಗಳನ್ನು ಎರಕಹೊಯ್ಯುವ ಯಂತ್ರಗಳನ್ನು ತಂದನು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪದಾರ್ಥಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಅವನು ಮಾಡುತ್ತಿದ್ದ ಪದಾರ್ಥಗಳೂ ಇದ್ದುವು. ಅವನ ಶೆಡ್ಡಿನಲ್ಲಿ ದುಡಿಯುತ್ತಿದ್ದ ಎಂಟು ಜನರು ಎಂಟು ದಿಕ್ಕಿಗೆ ಹೋದರು. ಅವನು ಈಗ ಬೇರೆಯವರ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕನಾಗಿದ್ದಾನೆ. ಸಾಲ ಇನ್ನೂ ತೀರಿಲ್ಲ.

ಆದುದರಿಂದ ನಾನು, "ನನಗೆ ಹದಿನೈದು ದಿನ ಸಮಯ ಕೊಡು, ತಿಳಿದುಕೊಂಡು ಹೇಳುತ್ತೇನೆ" ಎಂದು ಅವರನ್ನು ಕಳುಹಿಸಿದೆನು. ಆ ಹದಿನೈದು ದಿನಗಳಲ್ಲಿ ಕಂಡುದನ್ನೂ ಕೇಳಿದುದನ್ನೂ ಓದಿದುದನ್ನೂ ಇಲ್ಲಿ ಕ್ರಮವಾಗಿ ಇಡುತ್ತೇನೆ. ಇಂತಹ ಪ್ರಶ್ನೆ ನಮ್ಮ ಪಶ್ಚಿಮ ಬೆಂಗಳೂರಿನ ಅನೇಕ ಮನೆಗಳಲ್ಲಿ ಈಗ ಊಟದ ಹೊತ್ತಿನ ಮಾತಾಗಿದೆ.

ಮೊದಲು ಸ್ವಲ್ಪ ಹಿಂದಿನ ಕಥೆ. ನಮ್ಮ ಭಾಗವು ವಾಸದ ಬಡಾವಣೆಯಾಗುವುದಕ್ಕೆ ಮುಂಚೆಯೇ ದುಡಿಮೆಯ ಬಡಾವಣೆಯಾಗಿದ್ದಿತು. ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವೆಂದೇ ಹುಟ್ಟಿತು. ಸಣ್ಣ ಕೈಗಾರಿಕೆಗಾರರ ಸಂಘವಾದ ಕಾಸಿಯಾ 1949ರಲ್ಲಿ ಸ್ಥಾಪಿತವಾಯಿತು. ಅದರ ಕಚೇರಿ ವಿಜಯನಗರದಲ್ಲಿದೆ. 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವೂ, 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಮೇಲೆ ಹೇಳಿದ ಉಪಕರಣಾಗಾರವೂ ಹುಟ್ಟಿದುವು. ಆ ದಶಕದ ಕೊನೆಗೆ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿತು.

ಆ ಕಾಲದಲ್ಲಿ ಬೆಂಗಳೂರಿನ ದೊಡ್ಡ ಸರ್ಕಾರಿ ಕಾರ್ಖಾನೆಗಳು ದೊಡ್ಡ ಮರಗಳಂತೆ ನಿಂತಿದ್ದುವು. 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆ, 1953ರಲ್ಲಿ ಆರಂಭವಾದ ಎಚ್.ಎಂ.ಟಿ. ಮೊದಲಾದುವುಗಳಿಗೆ ಬೇಕಾದ ಸಣ್ಣ ಸಣ್ಣ ಭಾಗಗಳನ್ನು ನಮ್ಮ ಕಡೆಯ ಶೆಡ್ಡುಗಳು ಮಾಡಿ ಒಪ್ಪಿಸುತ್ತಿದ್ದುವು. ಹಳೆಯ ಕಪ್ಪು ಟೆಲಿಫೋನಿನ ಮೈಯೂ ಗೋಡೆಯ ಸ್ವಿಚ್ಚೂ ಬೇಕಲೈಟಿನವು. 1907ರಲ್ಲಿ ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿಯು ಕಂಡುಹಿಡಿದ ಆ ವಸ್ತುವು ಒಮ್ಮೆ ಕಾದು ಗಟ್ಟಿಯಾದರೆ ಮತ್ತೆ ಕರಗದು. ಅನಂತರ ಬಂದ ಪಾಲಿಥೀನು, ಪಾಲಿಪ್ರೊಪಿಲೀನುಗಳಾದರೋ ಕಾಸಿದಷ್ಟು ಸಲವೂ ಕರಗುವುವು. ಪಾಲಿಥೀನು ಇಂಗ್ಲೆಂಡಿನಲ್ಲಿ 1933ರಲ್ಲಿ ಆಕಸ್ಮಿಕವಾಗಿ ದೊರೆತುದು, ಪಾಲಿಪ್ರೊಪಿಲೀನು 1954ರದು. ಈ ಕರಗುವ ಗುಣದಿಂದಲೇ ಬಕೆಟ್ಟು, ಚೊಂಬು, ಕುರ್ಚಿ, ಚೀಲಗಳೆಲ್ಲ ಅಗ್ಗವಾಗಿ ನಮ್ಮ ಮನೆಗಳನ್ನು ತುಂಬಿದುವು. ನಮ್ಮ ಬೀದಿಗಳ ಶೆಡ್ಡುಗಳೂ ತುಂಬಿದುವು.

ಈ ಕೆಲಸ ನಡೆಯುವ ರೀತಿಯನ್ನು ಬಲ್ಲವರಿಗೆ ಉದ್ಯೋಗದ ಬದಲಾವಣೆಯು ಬೇಗನೆ ಅರ್ಥವಾಗುವುದು. ಪ್ಲಾಸ್ಟಿಕ್ ಕಾಳುಗಳನ್ನು ಯಂತ್ರದ ಮೇಲಿನ ಆಲಿಕೆಯಲ್ಲಿ ಸುರಿಯುವರು. ಅವು ಬಿಸಿಯಾದ ನಳಿಕೆಯೊಳಗೆ ತಿರುಪಿನಿಂದ ತಳ್ಳಲ್ಪಟ್ಟು, ಸುಮಾರು 200 ಡಿಗ್ರಿ ಶಾಖದಲ್ಲಿ ಪಾಕದಂತಾಗುವುವು. ಆ ಪಾಕವು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ಹೊಕ್ಕು, ತಣ್ಣಗಾಗಿ, ಪದಾರ್ಥವಾಗಿ ಹೊರಬೀಳುವುದು. ಇದಕ್ಕೆ ನಲವತ್ತು ಸೆಕೆಂಡು ಹಿಡಿಯುವುದೆಂದರೆ, ಎಂಟು ಗಂಟೆಯ ಪಾಳಿಯಲ್ಲಿ ಒಬ್ಬನು 720 ಸಲ ಬಾಗಿಲನ್ನು ತೆರೆದು, ಪದಾರ್ಥವನ್ನು ತೆಗೆದು, ಬಾಗಿಲನ್ನು ಮುಚ್ಚುವನು. ಹನ್ನೆರಡು ಗಂಟೆಯಾದರೆ 1,080 ಸಲ.

ಹಿಂದೆ ಸಣ್ಣ ಶೆಡ್ಡುಗಳಲ್ಲಿ ಹಿಡಿಯನ್ನು ಕೈಯಿಂದಲೇ ಎಳೆದು ಅಚ್ಚಿಗೆ ತುಂಬುವ ಯಂತ್ರಗಳಿದ್ದುವು. ಒಂದೊಂದು ಯಂತ್ರಕ್ಕೂ ಒಬ್ಬೊಬ್ಬನು. ಪಕ್ಕದಲ್ಲಿ ಚೂರುಗಳನ್ನು ಕತ್ತರಿಸಲು, ಎಣಿಸಿ ಕಟ್ಟಲು ಇಬ್ಬರು ಹೆಂಗಸರು. ಅನಂತರ ಯಂತ್ರಗಳು ತಾವೇ ಒತ್ತಡ, ಶಾಖ, ಕಾಲಗಳನ್ನು ಲೆಕ್ಕವಿಡುವಂತಾದುವು. ಈಗಿನ ದೊಡ್ಡ ಕಾರ್ಖಾನೆಗಳಲ್ಲಿ ಪದಾರ್ಥವನ್ನು ತೆಗೆಯುವುದಕ್ಕೂ ಯಂತ್ರದ ತೋಳು ಬಂದಿದೆ. ಒಬ್ಬನೇ ನಾಲ್ಕಾರು ಯಂತ್ರಗಳನ್ನು ನೋಡಿಕೊಳ್ಳಬಲ್ಲನು. ತಯಾರಾಗುವ ಮಾಲು ಹೆಚ್ಚುತ್ತಿದ್ದರೂ ಕೈಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಹೆಚ್ಚದಿರುವುದಕ್ಕೆ ಇದೇ ಮುಖ್ಯ ಕಾರಣ. ಉದ್ಯಮವು ಬೆಳೆಯುತ್ತಿದೆಯೆಂಬ ವಾರ್ತೆಯನ್ನು ಓದಿ, ಉದ್ಯೋಗವೂ ಹಾಗೆಯೇ ಬೆಳೆಯುವುದೆಂದು ಗೃಹಸ್ಥನು ಭಾವಿಸತಕ್ಕದ್ದಲ್ಲ.

ರಬ್ಬರಿನ ಕಥೆ ಸ್ವಲ್ಪ ಬೇರೆ. ಅದರ ದುಡಿಮೆಯು ಕಾರ್ಖಾನೆಗಿಂತ ಬಹಳ ಹಿಂದೆ, ತೋಟದಲ್ಲಿ, ನಸುಕಿನಲ್ಲಿ ಮರದ ತೊಗಟೆಯನ್ನು ಕೆತ್ತಿ ಹಾಲನ್ನು ಇಳಿಸುವವನಿಂದ ಆರಂಭವಾಗುತ್ತದೆ. ನಮ್ಮ ರಾಜ್ಯದಲ್ಲಿ ಸುಳ್ಯ, ಪುತ್ತೂರುಗಳ ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ಬಹುಮಂದಿ, 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಅವರೂ ಮಾಡಿಕೊಂಡ ಒಪ್ಪಂದದ ಫಲವಾಗಿ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳವರು. ಮೈಸೂರಿನಲ್ಲಿ ರಾಜ್ಯ ಸರ್ಕಾರದ ಆಸರೆಯಿಂದ ಬೆಳೆದ ವಿಕ್ರಾಂತ್ ಟೈರು ಕಾರ್ಖಾನೆಯು 1997ರಲ್ಲಿ ಖಾಸಗಿ ಸಂಸ್ಥೆಯೊಂದರ ಕೈಸೇರಿತು.

ನಮ್ಮ ರಾಜಾಜಿನಗರ, ಪೀಣ್ಯಗಳಲ್ಲಿ ನಡೆಯುವುದು ಇಂತಹ ದೊಡ್ಡ ಟೈರಿನ ಕೆಲಸವಲ್ಲ. ವಾಹನಗಳಿಗೂ ಪಂಪುಗಳಿಗೂ ಬೇಕಾದ ಬಳೆ, ಬುಷ್ಷು, ಎಣ್ಣೆತಡೆಗಳಂತಹ ಚಿಕ್ಕ ಪದಾರ್ಥಗಳದು. ರಬ್ಬರನ್ನು ಎರಡು ಉರುಳೆಗಳ ನಡುವೆ ನಾದಿ, ಗಂಧಕವನ್ನೂ ಮಸಿಯನ್ನೂ ಸೇರಿಸಿ, ಅಚ್ಚಿನಲ್ಲಿಟ್ಟು, ಸುಮಾರು 150 ಡಿಗ್ರಿಯ ಮೇಲಣ ಶಾಖದಲ್ಲಿ ಬೇಯಿಸುವರು. ಗಂಧಕದಿಂದ ರಬ್ಬರು ಗಟ್ಟಿಯಾಗುವುದೆಂಬುದನ್ನು 1839ರಲ್ಲಿ ಕಂಡವನು ಗುಡ್‌ಇಯರ್. ಬೆಂದ ಪದಾರ್ಥದ ಅಂಚಿನಲ್ಲಿ ಉಳಿಯುವ ತೆಳುವಾದ ಪದರವನ್ನು ಕತ್ತರಿಯಿಂದ ಕತ್ತರಿಸಬೇಕು. ಈ ಕತ್ತರಿಯ ಕೆಲಸವು ಚೀಲಗಳಲ್ಲಿ ತುಂಬಿ ಮನೆಗಳಿಗೆ ಬರುವುದು. ಹೆಂಗಸರು ಸಾವಿರಕ್ಕೆ ಇಷ್ಟೆಂದು ಕೂಲಿ ಪಡೆದು ಮಾಡುವರು. ನನ್ನ ಶಿಷ್ಯನ ಹೆಂಡತಿಯು ಅಂತಹವರಲ್ಲಿ ಒಬ್ಬಳು. ಅವಳ ಬಲಗೈಯ ಹೆಬ್ಬೆರಳು ಗಡುಸಾಗಿರುವುದನ್ನು ಕಾಫಿಯ ಲೋಟವನ್ನು ತೆಗೆದುಕೊಳ್ಳುವಾಗ ನಮ್ಮ ಮನೆಯವಳು ಗಮನಿಸಿದಳಂತೆ, ನಾನು ಗಮನಿಸಿರಲಿಲ್ಲ.

ವಾಹನಗಳ ಸ್ವರೂಪವು ಬದಲಾಗುತ್ತಿರುವುದರಿಂದ ಈ ಕೆಲಸಕ್ಕೂ ಒಂದು ಚಿಂತೆ ಬಂದಿದೆ. ವಿದ್ಯುತ್ತಿನಿಂದ ಓಡುವ ಗಾಡಿಯಲ್ಲಿ ಪೆಟ್ರೋಲಿನ ಎಂಜಿನ್ನು ಇರುವುದಿಲ್ಲ. ಎಂಜಿನ್ನು ಇಲ್ಲವಾದರೆ ಅದರ ಎಣ್ಣೆತಡೆಗಳೂ ಇಂಧನದ ಕೊಳವೆಗಳೂ ಬೇಡ. ಹಾಗೆಂದು ರಬ್ಬರೇ ಬೇಡವೆಂದಲ್ಲ. ಚಕ್ರ, ಬಾಗಿಲು, ಆಘಾತತಡೆಗಳು ಇದ್ದೇ ಇರುವುವು. ಪ್ಲಾಸ್ಟಿಕ್ಕಿನ ಭಾಗಗಳಿಗಂತೂ ಅಲ್ಲಿ ಬೇಡಿಕೆ ಹೆಚ್ಚೇ. ಹಳೆಯ ಅಚ್ಚುಗಳು ಮೂಲೆ ಸೇರಿ ಹೊಸ ಅಚ್ಚುಗಳು ಬೇಕಾಗುವುವೆಂಬುದೇ ಇದರ ತಾತ್ಪರ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಇನ್ನು ನಿಷೇಧದ ವಿಷಯ. ಅದು ತಪ್ಪೆಂದು ನಾನು ಹೇಳಲಾರೆನು. ಚರಂಡಿಗಳು ಕಟ್ಟಿಕೊಂಡುದನ್ನೂ ಹಸುಗಳು ಚೀಲ ತಿಂದು ನರಳುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಒಂದು ವಸ್ತುವನ್ನು ಬಳಸಿ ಎಸೆದವರು ನಾವೆಲ್ಲರೂ ಆಗಿರಲು, ಅದನ್ನು ನಿಲ್ಲಿಸಿದುದರ ಭಾರವು ಎಂಟು ಜನರ ಶೆಡ್ಡುಗಳ ಮೇಲೆಯೇ ಬಿದ್ದಿತು. ದೊಡ್ಡ ಕಾರ್ಖಾನೆಯು ಒಂದು ಪದಾರ್ಥವನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಲ್ಲುದು. ಸಾಲದ ಒಂದೇ ಯಂತ್ರವುಳ್ಳವನು ಅದರೊಡನೆ ಮುಳುಗುವನು. ಇದರ ನಡುವೆ 2016ರ ನೋಟು ರದ್ದತಿ, 2017ರ ಜಿ.ಎಸ್.ಟಿ., 2020ರ ಮಾರ್ಚಿಯ ಲಾಕ್‌ಡೌನುಗಳು ಒಂದರ ಹಿಂದೊಂದು ಬಂದುವು. ಲಾಕ್‌ಡೌನಿನಲ್ಲಿ ಬಿಹಾರ, ಒಡಿಶಾ, ಬಂಗಾಳಗಳ ಹುಡುಗರು ಊರಿಗೆ ಹೊರಟುಹೋದಾಗಲೇ, ನಮ್ಮ ಬೀದಿಯ ಶೆಡ್ಡುಗಳನ್ನು ನಡೆಸುತ್ತಿದ್ದ ಕೈಗಳು ಯಾರವೆಂದು ನಮ್ಮಲ್ಲಿ ಹಲವರಿಗೆ ತಿಳಿದುದು.

ಮತ್ತೊಂದು ಕಾರಣ ನೆಲದ ಬೆಲೆ. ರಾಜಾಜಿನಗರ, ವಿಜಯನಗರಗಳಲ್ಲಿ ಮೆಟ್ರೋ ರೈಲು ಬಂದಿತು. 2021ರಲ್ಲಿ ಅದು ಕೆಂಗೇರಿಯನ್ನು ಮುಟ್ಟಿತು. ಶೆಡ್ಡಿದ್ದ ಜಾಗದಲ್ಲಿ ಮನೆಗಳನ್ನೂ ಅಂಗಡಿಗಳನ್ನೂ ಕಟ್ಟಿದರೆ ಬಾಡಿಗೆ ಹೆಚ್ಚು ಬರುವುದಾದುದರಿಂದ ಅನೇಕರು ಯಂತ್ರಗಳನ್ನು ಎತ್ತಿಕೊಂಡು ಬಿಡದಿ, ಹಾರೋಹಳ್ಳಿ, ದಾಬಸ್‌ಪೇಟೆಗಳ ಕಡೆಗೆ ಹೋದರು. ಮನೆಯಿಂದ ನಡೆದುಹೋಗಿ, ಮಧ್ಯಾಹ್ನ ಊಟಕ್ಕೆ ಬಂದು ಹೋಗುತ್ತಿದ್ದ ಕೆಲಸವು ಬಸ್ಸಿನಲ್ಲಿ ಒಂದೂವರೆ ಗಂಟೆಯ ದೂರಕ್ಕೆ ಸರಿಯಿತು. ಇದರಿಂದ ಮೊದಲು ಕೆಲಸ ಬಿಟ್ಟವರು ಹೆಂಗಸರು. ಮಗು ಶಾಲೆಯಿಂದ ಬರುವ ಹೊತ್ತಿಗೆ ಹಾರೋಹಳ್ಳಿಯಿಂದ ಬರುವುದು ಹೇಗೆ? ಕತ್ತರಿಯ ಕೆಲಸವು ಚೀಲದಲ್ಲಿ ಮನೆಗೆ ಬಂದುದರ ರಹಸ್ಯವೂ ಇದೇ.

ಹಾಗಾದರೆ ಈಗ ಈ ಉದ್ಯಮದಲ್ಲಿ ಯಾವ ಯಾವ ಕೆಲಸಗಳುಂಟು? ನಾನು ತಿಳಿದುಕೊಂಡ ಮಟ್ಟಿಗೆ ಅವನ್ನು ನಾಲ್ಕು ವರ್ಗವಾಗಿ ವಿಂಗಡಿಸಬಹುದು.

ಮೊದಲನೆಯದು ಯಂತ್ರವನ್ನು ನೋಡಿಕೊಳ್ಳುವ ಕೆಲಸ. ಇದು ಬೇಗನೆ ಸಿಕ್ಕುವುದು. ಬಹುಮಟ್ಟಿಗೆ ಗುತ್ತಿಗೆದಾರರ ಮೂಲಕವೇ ಸಿಕ್ಕುವುದು. ಒಂದು ವಾರದಲ್ಲಿ ಕಲಿಯಬಹುದು. ಹತ್ತು ವರ್ಷ ಮಾಡಿದರೂ ಆ ಒಂದು ವಾರದ ವಿದ್ಯೆಯೇ ಉಳಿಯುವುದು.

ಎರಡನೆಯದು ಅಚ್ಚಿನ ಕೆಲಸ. ಅಚ್ಚನ್ನು ರಚಿಸುವುದು, ಉಕ್ಕಿನಲ್ಲಿ ಕೊರೆಯುವುದು, ಯಂತ್ರಕ್ಕೆ ಕೂಡಿಸಿ ಸರಿಹೊಂದಿಸುವುದು, ಕೆಟ್ಟರೆ ತಿದ್ದುವುದು. ಒಂದು ಅಚ್ಚಿಗೆ ಯಂತ್ರಕ್ಕಿಂತಲೂ ಹೆಚ್ಚು ಬೆಲೆಯಾಗುವುದುಂಟು. ಪದಾರ್ಥಗಳು ಬದಲಾದಾಗಲೆಲ್ಲ ಅಚ್ಚಿನವನು ಬೇಕು. ನಿಷೇಧ ಬಂದರೂ ಬೇಕು, ವಿದ್ಯುತ್ ಗಾಡಿ ಬಂದರೂ ಬೇಕು. ಈ ವಿದ್ಯೆಯನ್ನು ರಾಜಾಜಿನಗರದ ಉಪಕರಣಾಗಾರದಲ್ಲಿ ಎಸ್.ಎಸ್.ಎಲ್.ಸಿ. ಆದವರಿಗೆ ಮೂರು ವರ್ಷ ಕಲಿಸಿ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿಯೇ ತರಬೇತಿ ಕೊಡುವರು. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯೂ ಪ್ಲಾಸ್ಟಿಕ್ ತಂತ್ರವಿದ್ಯೆಯ ಮೂರು ವರ್ಷದ ಡಿಪ್ಲೊಮಾಗಳನ್ನು ಕಲಿಸುತ್ತದೆ.

ಮೂರನೆಯದು ಪರೀಕ್ಷೆಯ ಕೆಲಸ. ವಾಹನ, ಔಷಧ, ಆಹಾರಗಳಿಗೆ ಹೋಗುವ ಮಾಲನ್ನು ಅಳೆದು, ತೂಗಿ, ಎಳೆದು, ಕಾಸಿ ನೋಡಿ ಲೆಕ್ಕ ಬರೆಯಬೇಕು. ಇದರಲ್ಲಿ ಓದಿದ ಹೆಣ್ಣುಮಕ್ಕಳಿಗೂ ಒಳ್ಳೆಯ ಅವಕಾಶವುಂಟು.

ನಾಲ್ಕನೆಯದು ಹಳೆಯ ಪ್ಲಾಸ್ಟಿಕ್ಕನ್ನು ವಿಂಗಡಿಸಿ, ತೊಳೆದು, ಪುಡಿಮಾಡಿ, ಮತ್ತೆ ಕಾಳು ಮಾಡುವ ಕೆಲಸ. ಮೈಸೂರು ರಸ್ತೆಯ ನಾಯಂಡಹಳ್ಳಿಯ ಕಡೆ ಇದು ದೊಡ್ಡ ಪ್ರಮಾಣದಲ್ಲಿ ನಡೆಯುವುದು. ಪ್ಲಾಸ್ಟಿಕ್ ಕಟ್ಟುಗಳಲ್ಲಿ ಮಾಲು ಮಾರುವ ಸಂಸ್ಥೆಗಳು ಆ ಕಟ್ಟುಗಳ ಹೊಣೆಯನ್ನೂ ಹೊರಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರವು ನಿಯಮ ಮಾಡಿದುದರಿಂದ ಈ ಕೆಲಸಕ್ಕೆ ಮುಂದೆ ಬೆಲೆ ಹೆಚ್ಚಬೇಕು. ಆದರೆ ಇಂದು ಅಲ್ಲಿ ಧೂಳಿನಲ್ಲಿ ಕುಳಿತು, ಕೈಗೆ ಕವಚವಿಲ್ಲದೆ ವಿಂಗಡಿಸುವವರ ಸ್ಥಿತಿಯನ್ನು ನೋಡಿದರೆ, ನಾವು ಮನೆಯಲ್ಲಿ ಒಣಕಸವನ್ನು ಹಸಿಕಸದಿಂದ ಬೇರೆಮಾಡಿ ಕೊಡುವುದು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆಯೆಂದು ತೋರುವುದು.

ಇಲ್ಲಿ ನಾನು ಬಲ್ಲ ಭಾಷೆಯ ಒಂದು ಮಾತನ್ನು ಹೇಳಲು ವಾಚಕರ ಅಪ್ಪಣೆ ಬೇಡುತ್ತೇನೆ. "ವೃತ್" ಎಂಬ ಧಾತುವಿನಿಂದ "ವೃತ್ತಿ" ಎಂಬ ಶಬ್ದವೂ "ಆವೃತ್ತಿ" ಎಂಬ ಶಬ್ದವೂ ಹುಟ್ಟಿವೆ. ವೃತ್ತಿಯೆಂದರೆ ಜೀವನೋಪಾಯ, ನಡವಳಿಕೆಯೆಂದೂ ಅರ್ಥ. ಮನುಷ್ಯನು ಯಾವುದರಲ್ಲಿ ನಿಂತು ಬಾಳುವನೋ ಅದು ವೃತ್ತಿ. ಆವೃತ್ತಿಯೆಂದರೆ ಮತ್ತೆ ಮತ್ತೆ ತಿರುಗುವುದು. ದಿನಕ್ಕೆ ಏಳುನೂರು ಸಲ ಬಾಗಿಲು ತೆರೆದು ಮುಚ್ಚುವುದು ಆವೃತ್ತಿ. ಅದನ್ನು ಕಲಿತ ಯಂತ್ರದ ತೋಳು ಬಂದ ದಿನ ಮನುಷ್ಯನ ಕೈಯನ್ನು ಯಾರೂ ಕೇಳರು. ಆ ಬಾಗಿಲ ಹಿಂದಿರುವ ಅಚ್ಚನ್ನು ತಿಳಿದುಕೊಳ್ಳುವುದು ವೃತ್ತಿ. ಒಂದೇ ಕಾರ್ಖಾನೆಯ ಒಂದೇ ಸೂರಿನ ಕೆಳಗೆ ಎರಡೂ ಇರುವುವು. ಉದ್ಯಮವು ಏಳುವುದೋ ಬೀಳುವುದೋ ಎಂಬುದಕ್ಕಿಂತ, ನಮ್ಮ ಹುಡುಗನು ಅದರೊಳಗೆ ಎಲ್ಲಿ ನಿಲ್ಲುವನೆಂಬುದೇ ಗೃಹಸ್ಥನು ಕೇಳಿಕೊಳ್ಳಬೇಕಾದ ಪ್ರಶ್ನೆ. 2009ರಲ್ಲಿ ನಾನು ವಸ್ತುವನ್ನು ನೋಡಿ ಸಲಹೆ ಕೊಟ್ಟೆನೇ ಹೊರತು ಅವನ ಕೈಯಲ್ಲಿರುವ ವಿದ್ಯೆಯನ್ನು ನೋಡಿ ಕೊಡಲಿಲ್ಲ.

ಆದರೆ ಎಲ್ಲರಿಗೂ ನಾಲ್ಕು ವರ್ಷ ಕಾಯುವ ಅನುಕೂಲವಿಲ್ಲ. ಮೊದಲನೆಯ ವರ್ಗದ ಕೆಲಸಕ್ಕೇ ಸೇರಬೇಕಾದವರು ಸೇರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು.

ಒಂದು, ನೇಮಕದ ಪತ್ರವನ್ನು ಕೊಡುವಿರೋ? 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಪತ್ರ ಕೊಡಬೇಕೆಂದು ವಿಧಿಸಿವೆ. ಪತ್ರದಲ್ಲಿ ಯಾರ ಹೆಸರಿದೆ, ಕಾರ್ಖಾನೆಯದೋ ಗುತ್ತಿಗೆದಾರನದೋ ಎಂಬುದನ್ನು ನೋಡಿಕೊಳ್ಳಬೇಕು. ಪ್ಲಾಸ್ಟಿಕ್, ರಬ್ಬರ್ ಮತ್ತು ಪಿ.ವಿ.ಸಿ. ಕೊಳವೆಗಳ ಕೆಲಸಕ್ಕೆ ರಾಜ್ಯ ಸರ್ಕಾರವು ಕನಿಷ್ಠ ವೇತನವನ್ನು ಗೊತ್ತುಮಾಡಿ ಪ್ರಕಟಿಸುತ್ತದೆ. ಪತ್ರದ ಸಂಬಳವನ್ನು ಅದರೊಡನೆ ಹೋಲಿಸಿ ನೋಡಬೇಕು.

ಎರಡು, ಇ.ಎಸ್.ಐ. ಮತ್ತು ಭವಿಷ್ಯನಿಧಿ ಉಂಟೋ? ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ನಮ್ಮ ಭಾಗದವರೆಲ್ಲರೂ ಬಲ್ಲರು. ಹತ್ತು ಅಥವಾ ಹೆಚ್ಚು ಜನರು ದುಡಿಯುವ ಕಡೆ ಇ.ಎಸ್.ಐ. ಅನ್ವಯಿಸುವುದು. 2019ರಲ್ಲಿ ಗೊತ್ತಾದ ದರದಂತೆ ನೌಕರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು ರೂಪಾಯಿ. 18,000 ರೂಪಾಯಿಗಳ ಸಂಬಳಕ್ಕೆ ಇವನ ಕೈಯಿಂದ 135, ಅವರ ಕೈಯಿಂದ 585. ಈ 135 ರೂಪಾಯಿ ಕಳೆಯುವುದನ್ನು ಕಂಡು ಬೇಸರಪಡುವ ಹುಡುಗರಿದ್ದಾರೆ. ಬೆರಳು ಅಚ್ಚಿನಲ್ಲಿ ಸಿಕ್ಕಿದ ದಿನ ಅದರ ಬೆಲೆ ತಿಳಿಯುವುದು. ಭವಿಷ್ಯನಿಧಿಯು ಇಪ್ಪತ್ತು ಜನರಿರುವ ಕಡೆ ಅನ್ವಯಿಸುವುದು; ತನ್ನ ಖಾತೆಯ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಮೂರು, ಪಾಳಿ ಎಷ್ಟು ಗಂಟೆ? 2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆಗಳ ಕಾನೂನನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಎಡೆಕೊಟ್ಟಿತು. ಹೆಂಗಸರಿಗೆ ರಾತ್ರಿಪಾಳಿಯನ್ನೂ ಅನುಮತಿಸಿತು. ಹನ್ನೆರಡು ಗಂಟೆಯನ್ನು ಮಾತ್ರ ನೆನಪಿಟ್ಟು 48ನ್ನು ಮರೆಯುವವರುಂಟು. ಆದುದರಿಂದ ವಾರದ ಲೆಕ್ಕವನ್ನೂ ಹೆಚ್ಚಿನ ಗಂಟೆಗಳ ಕೂಲಿಯನ್ನೂ ಮೊದಲೇ ಕೇಳಬೇಕು. ಯಂತ್ರದ ಬಾಗಿಲು ತೆರೆದರೆ ಯಂತ್ರವು ತಾನೇ ನಿಲ್ಲುವುದೋ ಎಂಬುದನ್ನು ಕಣ್ಣಿನಿಂದಲೇ ನೋಡಬೇಕು. ಎಣಿಕೆ ಹೆಚ್ಚಲೆಂದು ಆ ತಡೆಯನ್ನು ಕಟ್ಟಿಹಾಕಿರುವ ಕಡೆ ಒಂದು ದಿನವೂ ನಿಲ್ಲತಕ್ಕದ್ದಲ್ಲ.

ನಾಲ್ಕು, ಒಂದು ವರ್ಷದಲ್ಲಿ ಏನು ಕಲಿಯುವೆನು? ಅಚ್ಚನ್ನು ಕೂಡಿಸುವವನ ಪಕ್ಕದಲ್ಲಿ ನಿಲ್ಲಲು ಬಿಡುವಿರೋ? ಈ ಪ್ರಶ್ನೆಗೆ ನಗುವ ಮಾಲೀಕನಿಗಿಂತ ಉತ್ತರ ಕೊಡುವ ಮಾಲೀಕನಲ್ಲಿ ಸಾವಿರ ರೂಪಾಯಿ ಕಡಿಮೆಯಾದರೂ ಸೇರುವುದು ಲೇಸು.

ಎಂಟು ಜನರ ಶೆಡ್ಡುಗಳಿಗೆ ಈ ಪ್ರಶ್ನೆಗಳಲ್ಲಿ ಕೆಲವು ಅನ್ವಯಿಸುವುದೇ ಇಲ್ಲವೆಂಬುದನ್ನೂ ಹೇಳಬೇಕು. 1948ರ ಕಾನೂನಿನಂತೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಅದು ಕಾರ್ಖಾನೆಯೆನಿಸುತ್ತಿದ್ದಿತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಾಗಿದೆ. ಕಾರ್ಖಾನೆಯೆನಿಸದ ಶೆಡ್ಡಿನ ಎಂಟು ಜನರು ಸರ್ಕಾರದ ವಾರ್ಷಿಕ ಕಾರ್ಖಾನೆ ಗಣತಿಯಲ್ಲಿಯೂ ಕಾಣಿಸರು. ಅವರು ಕೆಲಸಕ್ಕೆ ಸೇರಿದಾಗ ಆ ಪಟ್ಟಿಯಲ್ಲಿ ಅಂಕೆ ಏರಲಿಲ್ಲ, ಕೆಲಸ ಕಳೆದುಕೊಂಡಾಗ ಇಳಿಯಲೂ ಇಲ್ಲ. ಮನೆಯಲ್ಲಿ ಕತ್ತರಿ ಹಿಡಿದವಳು ಆ ಎಂಟರಲ್ಲಿಯೂ ಸೇರಿದವಳಲ್ಲ.

ಹದಿನೈದು ದಿನಗಳ ಮೇಲೆ ಅವರು ಮೂವರೂ ಮತ್ತೆ ಬಂದರು. ನಾನು ಇದನ್ನೆಲ್ಲ ವಿಸ್ತಾರವಾಗಿ ಹೇಳಿ, "ಹುಡುಗನನ್ನು ಓದಿಗೆ ಕಳುಹಿಸು" ಎಂದೆನು. ನಾಲ್ಕು ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದು, ಮುಂದೆಂದಾದರೂ ಬೇಕಾಗಬಹುದೆಂದು ಅವನ ಕೈಯಲ್ಲಿಟ್ಟೆನು. ತಂದೆ ಸುಮ್ಮನಿದ್ದನು. ಅದುವರೆಗೂ ಒಂದು ಮಾತನ್ನೂ ಆಡದಿದ್ದ ತಾಯಿ ಆಗ ಬಾಯಿಬಿಟ್ಟಳು.

"ನೀವು ಹೇಳುವುದು ಸರಿ, ಮೇಷ್ಟ್ರೇ. ಆದರೆ ನಾಲ್ಕು ವರ್ಷ ಸಾಲದ ಕಂತು ನಿಲ್ಲುವುದಿಲ್ಲವಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಹದಿನೈದು ದಿನ ಸುತ್ತಿ ಕಲೆಹಾಕಿದ ವಿಷಯಗಳಲ್ಲೆಲ್ಲಿಯೂ ಈ ಪ್ರಶ್ನೆಗೆ ಸಮಾಧಾನವಿಲ್ಲವೆಂದು ನನಗೆ ಅರಿವಾಯಿತು. ಅವಳೇ ಮುಂದುವರಿಸಿದಳು:

"ಅದಕ್ಕೇ ನಾನೊಂದು ಯೋಚನೆ ಮಾಡಿದ್ದೇನೆ. ಮನೆಗೆ ತರುವ ಕತ್ತರಿ ಕೆಲಸದಲ್ಲಿ ಏನೂ ಉಳಿಯುವುದಿಲ್ಲ. ಪೀಣ್ಯದ ರಬ್ಬರ್ ಫ್ಯಾಕ್ಟರಿಯಲ್ಲಿ ಮಾಲು ನೋಡಿ ಆರಿಸುವ ಕೆಲಸಕ್ಕೆ ಹೆಂಗಸರನ್ನು ಕರೆಯುತ್ತಿದ್ದಾರಂತೆ. ಇವನು ದೊಡ್ಡವನಾದ, ಸಂಜೆ ಅನ್ನ ಬೇಯಿಸಿಕೊಳ್ಳಬಲ್ಲ. ನಾನು ಹೋಗುತ್ತೇನೆ, ಇವನು ಓದಲಿ."

ಹುಡುಗನು ತಲೆ ತಗ್ಗಿಸಿದನು. ತಂದೆಯು ಕಿಟಕಿಯ ಹೊರಗೆ ನೋಡಿದನು, ಮೂವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನೋಡುತ್ತಿದ್ದಂತೆಯೇ. ಹೊರಡುವಾಗ ಆಕೆ ಬಾಗಿಲ ಬಳಿ ನಿಂತು ಕೇಳಿದಳು:

"ಮೇಷ್ಟ್ರೇ, ಆ ನಾಲ್ಕು ಪ್ರಶ್ನೆ ನನಗೂ ಒಂದು ಕಾಗದದಲ್ಲಿ ಬರೆದುಕೊಡುತ್ತೀರಾ?"

ನಾನು ಮಗನಿಗಾಗಿ ಬರೆದಿದ್ದೆನು. ತಾಯಿಗೂ ಬೇಕಾಗಬಹುದೆಂದು ನನಗೆ ಹೊಳೆದಿರಲಿಲ್ಲ. ಕನ್ನಡಕವನ್ನು ಹುಡುಕಿ ಹಾಕಿಕೊಂಡು, ದೊಡ್ಡ ಅಕ್ಷರಗಳಲ್ಲಿ ಮತ್ತೊಮ್ಮೆ ಬರೆದುಕೊಟ್ಟೆನು. ನಾಲ್ಕನೆಯ ಪ್ರಶ್ನೆಯನ್ನು ಬರೆಯುವಾಗ, ಇಷ್ಟು ವಯಸ್ಸಿನವಳು ಇದನ್ನು ಕೇಳಿದರೆ ಅವರು ನಗುವರೋ ಏನೋ ಎಂದು ಒಂದು ಕ್ಷಣ ಅನುಮಾನಿಸಿದೆನು. ಆದರೂ ಬಿಡದೆ ಬರೆದೆನು.

ಹುಡುಗನು ಉಪಕರಣಾಗಾರಕ್ಕೆ ಅರ್ಜಿ ಹಾಕಿದ್ದಾನೆ. ಆ ತಾಯಿಯು ಪೀಣ್ಯಕ್ಕೆ ಹೋಗಿ ಕಾಗದವನ್ನು ಮುಂದಿಟ್ಟು ಕೇಳಿದಳಂತೆ. ಮೊದಲ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯಿತು. ನಾಲ್ಕನೆಯದಕ್ಕೆ ಅಲ್ಲಿಯವರು ನಗಲಿಲ್ಲ. "ಆರು ತಿಂಗಳು ನೋಡೋಣ, ಆಮೇಲೆ ಅಳತೆಯ ಕೋಣೆಗೆ ಹಾಕುತ್ತೇವೆ" ಎಂದರಂತೆ. ಬರುವ ಸೋಮವಾರದಿಂದ ಅವಳು ಕೆಲಸಕ್ಕೆ ಹೋಗುವಳು. ಆರು ತಿಂಗಳಾದ ಮೇಲೆ ಏನಾಯಿತೆಂಬುದನ್ನು ಕೇಳಿ ತಿಳಿದು, ವಾಚಕರಿಗೆ ಇದೇ ಪುಟದಲ್ಲಿ ಅರಿಕೆ ಮಾಡುವೆನು.